ಏನೂ ಇಲ್ಲದ ಖಾಲಿ ಜಾಗಕ್ಕೂ, ಅಂದರೆ ನಿರ್ವಾತಕ್ಕೂ, ಶಕ್ತಿ ಇದೆಯೆಂದರೆ, ಅದು ಶರಣರ ಬಯಲೇ ಅಲ್ಲವೇ?

ಅಲ್ಲ. ಬಸವನ ಬಾಗೇವಾಡಿ, ಕೂಡಲಸಂಗಮದ ಕಡೆಯವರಾದ ನಮಗೆ ಹಾಗೆ ಅನ್ನಿಸುವುದು ಸಹಜ. ಆದರೆ ಬಯಲು ಅನುಭಾವದ ಮಾತು, ಅದಕ್ಕೆ ಅಳತೆಯಿಲ್ಲ; ನಿರ್ವಾತ ಶಕ್ತಿಯ ತಂಟೆ ಶುರುವಾಗುವುದೇ ಅಳತೆಯಿಂದ.

1917ರಲ್ಲಿ ಐನ್‌ಸ್ಟೈನ್ ತಮ್ಮ ಗುರುತ್ವದ ಸಮೀಕರಣಕ್ಕೆ ವಿಶ್ವ ಸ್ಥಿರಾಂಕ ಸೇರಿಸಿದರು (ಖಾಲಿ ಜಾಗಕ್ಕೇ ಒಂದಿಷ್ಟು ಶಕ್ತಿ ಇದೆ ಎಂದಂತೆ ಇದನ್ನು ಓದಬಹುದು), ಆಮೇಲೆ ಕೈಬಿಟ್ಟರು. ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂದು 1998ರಲ್ಲಿ ಸೂಪರ್‌ನೋವಾಗಳಿಂದ (ಸಿಡಿಯುವ ನಕ್ಷತ್ರಗಳಿಂದ) ತಿಳಿದಾಗ ಅದು ಮರಳಿ ಬಂತು. ಹಾಗೆ ವೇಗ ಪಡೆಯಲು ಬೇಕಾದ ನಿರ್ವಾತ ಶಕ್ತಿ ಎಷ್ಟು? ಘನ ಮೀಟರಿಗೆ ಒಂದು ಜೂಲ್‌ನ ಸುಮಾರು 200 ಕೋಟಿಯಲ್ಲೊಂದು ಪಾಲು. ವಿಜಯಪುರದ ಗೋಲ ಗುಮ್ಮಟದ ಒಳಗಿನ ಅಷ್ಟೂ ಜಾಗದ್ದನ್ನು ಕೂಡಿಸಿದರೂ ಒಂದು ಸೊಳ್ಳೆ ಒಂದೆರಡು ಮೀಟರ್ ಮೇಲೇರುವಷ್ಟು, ಅಷ್ಟೇ. ಸೂಕ್ಷ್ಮ ಕಣಗಳನ್ನು ವಿವರಿಸುವ ಕ್ವಾಂಟಂ ಕ್ಷೇತ್ರ ಸಿದ್ಧಾಂತದ ಒರಟು ಲೆಕ್ಕವೋ ಇದಕ್ಕಿಂತ ಸುಮಾರು 10ರ 120ನೇ ಘಾತದಷ್ಟು ಹೆಚ್ಚು ಹೇಳುತ್ತದೆ!

ತತ್ತ್ವಶಾಸ್ತ್ರದ ಜಗಳ ಇಲ್ಲಿಂದ. ಆ ಶಕ್ತಿ ನಿಜಕ್ಕೂ ಇದೆಯೇ, ಅಥವಾ ಲೆಕ್ಕದ ಉಪ ಉತ್ಪನ್ನವೇ? ಇದೆ ಎನ್ನುವವರು ಕ್ಯಾಸಿಮಿರ್ ಪರಿಣಾಮ ತೋರಿಸುತ್ತಾರೆ: ನಿರ್ವಾತದಲ್ಲಿ ಎರಡು ಲೋಹದ ಫಲಕಗಳನ್ನು ತೀರಾ ಹತ್ತಿರ ಇಟ್ಟರೆ ಒಂದನ್ನೊಂದು ಸೆಳೆಯುತ್ತವೆ. ಆದರೆ ಅದೇ ಸೆಳೆತವನ್ನು ನಿರ್ವಾತ ಶಕ್ತಿಯ ಮಾತೇ ಎತ್ತದೆ, ಫಲಕಗಳೊಳಗಿನ ವಿದ್ಯುದಾವೇಶಗಳ ಪರಸ್ಪರ ಕ್ರಿಯೆಯಿಂದಲೂ ಲೆಕ್ಕ ಹಾಕಬಹುದೆಂದು 2005ರಲ್ಲಿ ಭೌತವಿಜ್ಞಾನಿ ರಾಬರ್ಟ್ ಜಾಫೆ ತೋರಿಸಿದರು. ನನಗೆ ಈ ವಾದವೇ ಹೆಚ್ಚು ಗಟ್ಟಿ ಅನ್ನಿಸುತ್ತದೆ. ಇನ್ನು ಭೌತವಿಜ್ಞಾನಿ ಸ್ಟೀವನ್ ವೈನ್‌ಬರ್ಗ್, ಸ್ಥಿರಾಂಕ ಇಷ್ಟು ಚಿಕ್ಕದೇಕೆ ಎಂಬುದಕ್ಕೆ, 1987ರಲ್ಲೇ ಬೇರೆ ದಾರಿ ಹಿಡಿದಿದ್ದರು: ಸ್ಥಿರಾಂಕ ತುಂಬ ದೊಡ್ಡದಿದ್ದರೆ ಗೆಲಾಕ್ಸಿಗಳೇ ಕೂಡುತ್ತಿರಲಿಲ್ಲ, ಕೇಳಲು ನಾವೂ ಇರುತ್ತಿರಲಿಲ್ಲ. ಇದು ವಿವರಣೆಯೋ, ಜಾಣ ನುಣುಚುವಿಕೆಯೋ ಎಂಬ ತಕರಾರು ಇನ್ನೂ ಮುಗಿದಿಲ್ಲ.