ಬಿಸಿಯಾದ ಮೇಲೆ ಮಾತ್ರ ಮಿಸ್ ಹೊಡೆಯುವ ಗಾಡಿ

ಪ್ರಶ್ನೆ: ನಮಸ್ಕಾರ ಸರ್. ನನ್ನದು 2008ರ ಪೆಟ್ರೋಲ್ ಸ್ಯಾಂಟ್ರೋ ಜಿಂಗ್. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ, ಊರೊಳಗೆ ಓಡಿಸಿದರೆ ಏನೂ ತೊಂದರೆ ಇಲ್ಲ. ಹುಮನಾಬಾದ್ ಕಡೆ ಹೊರಟರೆ ಕಮಲಾಪುರ ದಾಟುವಷ್ಟರಲ್ಲಿ ಶುರುವಾಗುತ್ತದೆ. ನಾಲ್ಕನೇ ಗೇರಿನಲ್ಲಿ ಎಕ್ಸಲರೇಟರ್ ಒತ್ತಿದರೆ ಜರ್ಕ್ ಹೊಡೆಯುತ್ತದೆ, ಪಿಕಪ್ ಸಿಗುವುದಿಲ್ಲ. ಎಲ್ಲಾದರೂ ನಿಲ್ಲಿಸಿ ಊಟ ಮುಗಿಸಿ ತೆಗೆದರೆ ಮತ್ತೆ ಸರಿ. ಗ್ಯಾರೇಜಿಗೆ ಒಯ್ದಾಗ ಮಾತ್ರ ಮಿಸ್ ಹೊಡೆಯುವುದೇ ಇಲ್ಲ, "ಗಾಡಿ ಚಲೋ ಅದರಿ, ಏನೂ ಆಗಿಲ್ಲ" ಅನ್ನುತ್ತಾರೆ. ಪ್ಲಗ್ ಹೊಸದು ಹಾಕಿಸಿದೆ, ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿದೆ, ಪ್ರಯೋಜನ ಆಗಲಿಲ್ಲ. ಈಗ ಒಬ್ಬ ಮೆಕ್ಯಾನಿಕ್ ಪೆಟ್ರೋಲ್ ಪಂಪ್ ಹೋಗಿದೆ ಅನ್ನುತ್ತಾರೆ, ಇನ್ನೊಬ್ಬರು ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಬದಲಿಸಿ ಅನ್ನುತ್ತಾರೆ, ಎಲ್ಲಾ ಎಥನಾಲ್ ಪೆಟ್ರೋಲಿನದೇ ತಪ್ಪು ಅನ್ನುವವರೂ ಇದ್ದಾರೆ. ಯಾವುದರಿಂದ ಶುರು ಮಾಡಲಿ?
– ಓದುಗರು, ಕಲಬುರಗಿ

ಉತ್ತರ: ಸದ್ಯಕ್ಕೆ ಯಾವ ಪಾರ್ಟನ್ನೂ ಕೊಳ್ಳಬೇಡಿ. ಮಿಸ್ಸಿಂಗ್ ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಆಗಾಗ ಉರಿಯದೆ ಹೋಗುವುದು. ಬಂದು ಹೋಗುವ ಮಿಸ್ಸಿಂಗ್‌ನಲ್ಲಿ ಜನ ದುಡ್ಡು ಕಳೆದುಕೊಳ್ಳುವುದೇ ಹೀಗೆ. ಗಾಡಿ ಸರಿ ಇರುವಾಗ ಚೆಕ್ ಮಾಡಿಸುತ್ತಾರೆ, ಏನೂ ಸಿಗುವುದಿಲ್ಲ, ಆಮೇಲೆ ಅಂದಾಜಿನ ಮೇಲೆ ಒಂದೊಂದೇ ಬದಲಿಸುತ್ತಾ ಹೋಗುತ್ತಾರೆ. ನಿಮ್ಮ ಪತ್ರದಲ್ಲೇ ಒಂದು ಒಳ್ಳೆಯ ಸುಳಿವು ಇದೆ, ಅದನ್ನು ನಿಮ್ಮ ಮೆಕ್ಯಾನಿಕ್‌ಗಳು ಯಾರೂ ಹಿಡಿದುಕೊಂಡಂತೆ ಕಾಣುವುದಿಲ್ಲ. ತಣ್ಣಗಿದ್ದಾಗ ಸರಿ, ಬಿಸಿಯಾಗಿ ಲೋಡ್ ಬಿದ್ದಾಗ ಮಿಸ್, ಆರಿದ ಮೇಲೆ ಮತ್ತೆ ಸರಿ. ಇದು ಮೊದಲು ಕರೆಂಟಿನ ಕಡೆ, ಅಂದರೆ ಕಿಡಿಗೆ ಬೇಕಾದ ವೋಲ್ಟೇಜ್ ಮಾಡುವ ಇಗ್ನಿಷನ್ ಕಾಯಿಲ್ ಮತ್ತು ಅದನ್ನು ಒಯ್ಯುವ ಪ್ಲಗ್ ವಯರ್‌ಗಳ ಕಡೆ ಬೆರಳು ತೋರಿಸುತ್ತದೆ.

ಯಾಕೆ ಅಂತ ಹೇಳುತ್ತೇನೆ. ಪ್ಲಗ್‌ನ ತುದಿಯಲ್ಲಿ ಕಿಡಿ ಹಾರಬೇಕಾದ ಗ್ಯಾಪ್ ಸುಮಾರು 1 ಮಿಲಿಮೀಟರ್ ಅಷ್ಟೇ. ಆದರೆ ನೀವು ಎಕ್ಸಲರೇಟರ್ ಒತ್ತಿದಾಗ ಸಿಲಿಂಡರಿಗೆ ಗಾಳಿ ಜಾಸ್ತಿ ನುಗ್ಗುತ್ತದೆ, ಒಳಗಿನ ಒತ್ತಡ ಏರುತ್ತದೆ, ಆ ಒತ್ತಡದಲ್ಲಿ ಅದೇ ಗ್ಯಾಪ್ ದಾಟಲು ಕಿಡಿಗೆ ಇನ್ನೂ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಸಾವಿರಾರು ವೋಲ್ಟ್‌ಗಳ ಮಾತು ಇದು. ಕಾಯಿಲ್ ಒಳಗಿನ ತಂತಿಯ ಇನ್ಸುಲೇಷನ್ ಹಳೆಯದಾಗಿ ಬಿರುಕು ಬಿಟ್ಟಿದ್ದರೆ, ಅಥವಾ ಪ್ಲಗ್ ವಯರ್‌ನ ರಬ್ಬರ್ ಸೀಳಿದ್ದರೆ, ಕರೆಂಟ್ ಗ್ಯಾಪ್ ದಾಟುವ ಬದಲು ಸುಲಭದ ದಾರಿ ಹಿಡಿದು ಇಂಜಿನ್ ಬಾಡಿಗೆ ಹಾರಿಬಿಡುತ್ತದೆ. ಬಿಸಿಯಾದಾಗ ತಾಮ್ರದ ತಂತಿ ಹಿಗ್ಗಿ, ಒಳಗಿನ ಸಣ್ಣ ಬಿರುಕು ತೆರೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ನಮ್ಮ ಕಲಬುರಗಿಯ ಬಿಸಿಲು 42-43 ಡಿಗ್ರಿ ದಾಟುತ್ತದೆ, ಬಾನೆಟ್ ಕೆಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಊರೊಳಗಿನ ಸಣ್ಣ ಓಡಾಟದಲ್ಲಿ ಕಾಯಿಲ್ ಅಷ್ಟು ಕಾಯುವುದಿಲ್ಲ, ಲೋಡೂ ಕಡಿಮೆ. ಹುಮನಾಬಾದ್ ದಾರಿಯಲ್ಲಿ ಎರಡೂ ಒಟ್ಟಿಗೆ ಬರುತ್ತವೆ.

ಹಾಗಂತ ನಾಳೆಯೇ ಕಾಯಿಲ್ ತರಬೇಡಿ, ಇನ್ನೂ ಸಾಬೀತಾಗಿಲ್ಲ. ಮುಂದಿನ ಸಲ ಮಿಸ್ ಹೊಡೆದಾಗ ಅದು ಎಂಥ ಮಿಸ್ ಅಂತ ಗಮನಿಸಿ. ಕಿಡಿ ತಪ್ಪಿದರೆ ಜರ್ಕ್ ಚುರುಕಾಗಿ, ತಟ್ ತಟ್ ಅಂತ ಬರುತ್ತದೆ, ನ್ಯೂಟ್ರಲ್‌ನಲ್ಲಿ ನಿಲ್ಲಿಸಿದರೂ ಇಂಜಿನ್ ಒಂದು ಕಾಲು ಕುಂಟಿದಂತೆ ಅಲುಗಾಡುವುದು ಉಂಟು. ಪೆಟ್ರೋಲ್ ಸಾಲದಿದ್ದರೆ ಹಾಗಲ್ಲ, ಶಕ್ತಿ ನಿಧಾನಕ್ಕೆ ಬತ್ತುತ್ತದೆ, ಜೋರಾಗಿ ಒತ್ತಿದಷ್ಟೂ ಗಾಡಿ ಸೋಲುತ್ತದೆ, ಎಕ್ಸಲರೇಟರ್ ಬಿಟ್ಟರೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಇಡೀ ಇಂಜಿನ್ ಒಂದು ಕ್ಷಣ ಸ್ವಿಚ್ ಆಫ್ ಆದ ಹಾಗೆ ಆಗಿ, ಗಾಡಿ ಓಡುತ್ತಿದ್ದರೂ ಆರ್‌ಪಿಎಂ ಮುಳ್ಳು ದಿಢೀರನೆ ಸೊನ್ನೆಗೆ ಬಿದ್ದರೆ ಕ್ರ್ಯಾಂಕ್ ಸೆನ್ಸರ್ (ಇಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಪಾರ್ಟ್) ಅಥವಾ ಅದರ ವಯರಿಂಗ್ ಮೇಲೆ ಅನುಮಾನ ಪಡಬೇಕು. ಅದೂ ಬಿಸಿಯಾದಾಗಲೇ ಕೈಕೊಡುವ ಪಾರ್ಟ್. ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಅವರಿಗೆ ಇದನ್ನೆಲ್ಲ ಬರೆದಿಡಲು ಹೇಳಿ: ಎಷ್ಟು ದೂರ ಓಡಿತ್ತು, ಯಾವ ಗೇರು, ಏಸಿ ಹಾಕಿತ್ತಾ, ಟ್ಯಾಂಕ್‌ನಲ್ಲಿ ಎಷ್ಟಿತ್ತು, ಮಳೆ ಬಂದಿತ್ತಾ. ಈ ಚೀಟಿ ಕೈಗೆ ಸಿಕ್ಕರೆ ಒಳ್ಳೆಯ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮುಗಿದ ಹಾಗೆ.

ಆಮೇಲೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ. ಗಾಡಿಯನ್ನು ಚೆನ್ನಾಗಿ ಓಡಿಸಿ ಕಾಯಿಸಿಕೊಂಡು ಬಂದು, ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ, ಇಂಜಿನ್ ಚಾಲೂ ಇಟ್ಟು, ಇಸ್ತ್ರಿಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿಯಿಂದ ಪ್ಲಗ್ ವಯರ್ ಮತ್ತು ಕಾಯಿಲ್ ಮೇಲೆ ತೆಳ್ಳಗೆ ನೀರು ಹೊಡೆಯಿರಿ. ಸೋರಿಕೆ ಇದ್ದರೆ ನೀಲಿ ಕಿಡಿ ಕಾಣುತ್ತದೆ, ಟಿಕ್ ಟಿಕ್ ಸದ್ದು ಕೇಳುತ್ತದೆ, ಇಂಜಿನ್ ತಡವರಿಸುತ್ತದೆ. ವಯರ್‌ಗಳನ್ನು ಕೈಯಿಂದ ಮುಟ್ಟಲೇಬೇಡಿ. ದುಪಟ್ಟ, ಟವೆಲ್, ಸಡಿಲ ಅಂಗಿ ತೋಳು ಫ್ಯಾನ್ ಹತ್ತಿರ ಹೋಗದಂತೆ ನೋಡಿಕೊಳ್ಳಿ, ಆ ಫ್ಯಾನ್ ತಾನಾಗೇ ಶುರುವಾಗುತ್ತದೆ. ಇಂಜಿನ್ ಓಡುವಾಗ ಪ್ಲಗ್ ವಯರ್ ಕಿತ್ತು ನೋಡುವ ಹಳೆಯ ಪದ್ಧತಿ ಬೇಡ, ಕಾಯಿಲ್‌ಗೂ ಇಸಿಯುಗೂ ಅದು ಅಪಾಯ. ಯಾವ ಸಿಲಿಂಡರ್ ಅಂತ ಹುಡುಕಲು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ನ ಪ್ಲಾಸ್ಟಿಕ್ ಕನೆಕ್ಟರನ್ನು ಒಂದೊಂದಾಗಿ ಬಿಚ್ಚಿ ಹಾಕಿದರೆ ಸಾಕು. ಸರಿಯಾಗಿ ಕೆಲಸ ಮಾಡುತ್ತಿರುವ ಸಿಲಿಂಡರಿನದು ಬಿಚ್ಚಿದಾಗ ಇಂಜಿನ್ ಇನ್ನಷ್ಟು ಕೆಡುತ್ತದೆ, ಸತ್ತ ಸಿಲಿಂಡರಿನದು ಬಿಚ್ಚಿದರೆ ಏನೂ ವ್ಯತ್ಯಾಸ ಆಗುವುದಿಲ್ಲ. ಇದನ್ನು ಮಿಸ್ ಹೊಡೆಯುತ್ತಿರುವಾಗಲೇ ಮಾಡಬೇಕು.

ಇಲ್ಲೊಂದು ವಿಷಯ ನಿಮ್ಮ ಗಾಡಿಯಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಈ ತರಹದ ನಾಲ್ಕು ಸಿಲಿಂಡರಿನ ಇಂಜಿನ್‌ಗಳಲ್ಲಿ ಕಾಯಿಲ್ ಎರಡು ಜೋಡಿಯಾಗಿ ಕೆಲಸ ಮಾಡುತ್ತದೆ. 1 ಮತ್ತು 4ಕ್ಕೆ ಒಂದು, 2 ಮತ್ತು 3ಕ್ಕೆ ಇನ್ನೊಂದು. ಜೋಡಿಯ ಎರಡೂ ಸಿಲಿಂಡರ್ ಒಟ್ಟಿಗೆ ಕೈಕೊಟ್ಟರೆ ಕಾಯಿಲ್ ಮೇಲೆ ಅನುಮಾನ ಗಟ್ಟಿ. ಒಂದೇ ಒಂದು ಕೈಕೊಟ್ಟರೆ ಅದರ ಪ್ಲಗ್, ವಯರ್ ಅಥವಾ ಇಂಜೆಕ್ಟರ್ ನೋಡಿ. ಪ್ಲಗ್ ಹೊಸದಾದರೂ ಬಿಚ್ಚಿ ನೋಡಿ, ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲ್ ಗೆರೆಯಂಥ ಕಪ್ಪು ಗೀಟು ಇದ್ದರೆ ಕರೆಂಟ್ ಅಲ್ಲಿಂದಲೇ ಸೋರುತ್ತಿದೆ, ಆಗ ಪ್ಲಗ್ಗೂ ವಯರಿನ ರಬ್ಬರ್ ಕ್ಯಾಪೂ ಎರಡೂ ಬದಲಾಗಬೇಕು. ಅನುಮಾನ ಇರುವ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ ಓಡಿಸಿ, ಮಿಸ್ಸೂ ಪ್ಲಗ್ ಜೊತೆ ಹೋದರೆ ಉತ್ತರ ಸಿಕ್ಕಿತು. ಒಂದು ಸಲಕ್ಕೆ ಒಂದೇ ಬದಲಾವಣೆ, ಇದನ್ನು ದಯವಿಟ್ಟು ಬಿಡಬೇಡಿ. ನಾಲ್ಕು ಒಟ್ಟಿಗೆ ಬದಲಿಸಿ ಗಾಡಿ ಸರಿಯಾದರೆ ಯಾವುದು ಕೆಟ್ಟಿತ್ತು ಅಂತ ಯಾವತ್ತೂ ಗೊತ್ತಾಗುವುದಿಲ್ಲ, ಅಲ್ವಾ?

ಮಲ್ಟಿಮೀಟರ್ ಇರುವವರು ಪ್ಲಗ್ ವಯರ್‌ನ ಎರಡು ತುದಿಗೆ ಹಿಡಿದು, ವಯರನ್ನು ನಿಧಾನಕ್ಕೆ ಬಗ್ಗಿಸುತ್ತಾ ರೆಸಿಸ್ಟೆನ್ಸ್ ನೋಡಲಿ. ಕೆಲವು ಸಾವಿರ ಓಮ್ ಬರಬೇಕು, ಉದ್ದದ ವಯರ್‌ಗೆ ಸ್ವಲ್ಪ ಹೆಚ್ಚು. ಅಂಕಿ ಜಿಗಿದಾಡಿದರೆ ಆ ವಯರ್ ಒಳಗೆ ತುಂಡಾಗಿದೆ. ಕಾಯಿಲ್ ಅನ್ನೂ ಹಾಗೇ ನೋಡಬಹುದು, ಆದರೆ ತಣ್ಣಗಿದ್ದಾಗ ಸರಿ ತೋರಿಸಿತು ಅಂತ ನಂಬಬೇಡಿ. ಮಿಸ್ ಹೊಡೆದು ನಿಲ್ಲಿಸಿದ ತಕ್ಷಣ, ಕಾದಿರುವಾಗಲೇ ಅಳೆಯಬೇಕು. ಬ್ಯಾಟರಿಯಿಂದ ಬಾಡಿಗೆ, ಬಾಡಿಯಿಂದ ಇಂಜಿನ್‌ಗೆ ಹೋಗುವ ಅರ್ತ್ ವಯರ್‌ನ ಬೋಲ್ಟ್ ಬಿಚ್ಚಿ ಉಜ್ಜಿ ಬಿಗಿ ಮಾಡಿ, ಇದಕ್ಕೆ ಖರ್ಚೇ ಇಲ್ಲ. ತೊಗರಿ ಚೀಲ ಇಟ್ಟಿರುವ ಮನೆ, ಗೋದಾಮಿನ ಹತ್ತಿರ ಗಾಡಿ ನಿಲ್ಲಿಸುತ್ತೀರಾದರೆ ಇಲಿ ಕಡಿದ ವಯರ್ ಇದೆಯೇ ಅಂತಲೂ ನೋಡಿ. ಅರ್ಧ ಕಡಿದ ವಯರ್ ಜರ್ಕ್ ಆದಾಗ ಮಾತ್ರ ಬಿಟ್ಟುಕೊಳ್ಳುತ್ತದೆ.

ಪಂಪ್ ವಿಷಯ. ಅದೂ ಬಿಸಿಗೆ ಸೋಲುವ ವಸ್ತುವೇ, ಯಾಕಂದರೆ ಟ್ಯಾಂಕ್ ಒಳಗಿನ ಪಂಪನ್ನು ತಂಪಾಗಿ ಇಡುವುದು ಸುತ್ತಲಿನ ಪೆಟ್ರೋಲೇ. ಬೇಸಿಗೆಯಲ್ಲಿ ಯಾವಾಗಲೂ ರಿಸರ್ವ್‌ನಲ್ಲೇ ಓಡಿಸುವವರ ಪಂಪ್ ಬೇಗ ಸಾಯುತ್ತದೆ. ಕಾಲು ಟ್ಯಾಂಕ್‌ಗಿಂತ ಕೆಳಗೆ ಬಂದಾಗ ಮಾತ್ರ ಮಿಸ್ ಹೊಡೆಯುತ್ತದಾ ಅಂತ ಗಮನಿಸಿ. ಬದಲಿಸುವ ಮೊದಲು ಪ್ರೆಷರ್ ಗೇಜ್ ಹಾಕಿ ಓಡಿಸಿ ನೋಡಲು ಹೇಳಿ, ಮಿಸ್ ಹೊಡೆಯುವ ಹೊತ್ತಿಗೆ ಒತ್ತಡ ಬೀಳದಿದ್ದರೆ ಪಂಪ್ ನಿರಪರಾಧಿ. ಇಸಿಯು ಕೊನೆಯ ಅನುಮಾನ ಆಗಿರಲಿ.

ಎಥನಾಲ್ ಬಗ್ಗೆ ಜನರ ಆತಂಕ ಸುಳ್ಳಲ್ಲ. ನಿಮ್ಮ ಗಾಡಿ ಶೇ 20 ಎಥನಾಲ್ ಬೆರೆತ ಪೆಟ್ರೋಲ್‌ಗೆ ಅಂತ ಮಾಡಿದ್ದಲ್ಲ, ಹಳೆಯ ರಬ್ಬರ್ ಪೈಪ್, ಸೀಲ್‌ಗಳನ್ನು ಆಗಾಗ ನೋಡಬೇಕು. ಎಥನಾಲ್ ನೀರು ಹೀರುತ್ತದೆ, ತಿಂಗಳುಗಟ್ಟಲೆ ನಿಂತ ಗಾಡಿಗೆ ಅದು ತೊಂದರೆಯೇ. ಆದರೆ ಅದೇ ಟ್ಯಾಂಕ್ ಪೆಟ್ರೋಲ್‌ನಲ್ಲಿ ಬೆಳಿಗ್ಗೆ ಚೆನ್ನಾಗಿ ಓಡಿ, ಮಧ್ಯಾಹ್ನ ಕೆಟ್ಟು, ಊಟದ ನಂತರ ಸರಿಯಾದರೆ ಪೆಟ್ರೋಲ್ ಮೇಲೆ ತಪ್ಪು ಹಾಕುವುದು ಕಷ್ಟ.

ಸ್ಕ್ಯಾನರ್ ಹಾಕಿಸಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ನಮ್ಮಲ್ಲಿ ಓಬಿಡಿ-2 (ಇಂಜಿನ್ ದೋಷಗಳನ್ನು ಕೋಡ್ ಆಗಿ ದಾಖಲಿಸುವ ವ್ಯವಸ್ಥೆ) ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ, ನಿಮ್ಮದು ಅದಕ್ಕಿಂತ ಹಳೆಯದು, ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಅದರ ಜೊತೆ ಮಾತಾಡದೆಯೂ ಇರಬಹುದು. ಸ್ಕ್ಯಾನ್ ಮಾಡುವ ಮೊದಲು ಬ್ಯಾಟರಿ ಕೇಬಲ್ ಬಿಚ್ಚಲು ಬಿಡಬೇಡಿ, ಒಳಗೆ ದಾಖಲಾದ ಕೋಡ್ ಅಳಿಸಿಹೋಗುತ್ತದೆ.

ಪ್ರಶ್ನೆ: ಅಪ್ಪಾಜಿಯವರ 1997ರ ಮಾರುತಿ 800 ಇನ್ನೂ ಇಟ್ಟುಕೊಂಡಿದ್ದೇವೆ. ಮಳೆಗಾಲದ ಬೆಳಿಗ್ಗೆ ಎರಡೇ ಸಿಲಿಂಡರ್‌ನಲ್ಲಿ ಓಡಿದಂತೆ ನಡುಗುತ್ತದೆ, ಬಿಸಿಲು ಬಿದ್ದರೆ ಸರಿ. ಕಾರ್ಬುರೇಟರ್ ಬದಲಿಸಬೇಕಾ?
– ಓದುಗರು, ಬೀದರ್

ಉತ್ತರ: ಬೇಡ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಬಿಚ್ಚಿ ಒಳಗೆ ಒಣ ಬಟ್ಟೆಯಿಂದ ಒರೆಸಿ ನೋಡಿ. ತೇವದಿಂದ ಕರೆಂಟ್ ಅಡ್ಡದಾರಿ ಹಿಡಿಯುತ್ತಿದ್ದರೆ ಆ ದಿನವೇ ಗೊತ್ತಾಗುತ್ತದೆ. ಒಳಗೆ ಕೂದಲೆಳೆಯಷ್ಟು ಬಿರುಕು ಅಥವಾ ಕಪ್ಪು ಗೆರೆ ಕಂಡರೆ ಕ್ಯಾಪ್ ಮತ್ತು ರೋಟರ್ ಎರಡನ್ನೂ ಹೊಸದು ಹಾಕಿ. ಅಪ್ಪಾಜಿಯವರ ಗಾಡಿ ಇನ್ನೂ ಓಡಿಸುತ್ತಿದ್ದೀರಲ್ಲ, ಓದಿ ಖುಷಿಯಾಯಿತು.

ಪ್ರಶ್ನೆ: ನನ್ನ ಹಳೆಯ ಕಾರೂ ಆಗೊಮ್ಮೆ ಈಗೊಮ್ಮೆ ಮಿಸ್ ಹೊಡೆಯುತ್ತದೆ. ಯಾದಗಿರಿಯಿಂದ ಶಹಾಪುರಕ್ಕೆ ದಿನಾ ಓಡಾಟ. ಸುಮ್ನೆ ಹಾಗೇ ಓಡಿಸಿದರೆ ನಡೆಯುತ್ತದಾ?
– ಓದುಗರು, ಯಾದಗಿರಿ

ಉತ್ತರ: ಗ್ಯಾರೇಜ್ ತನಕ ನಿಧಾನವಾಗಿ ಓಡಿಸಿ, ಅದಕ್ಕಿಂತ ಹೆಚ್ಚು ಬೇಡ. ಸುಡದೆ ಉಳಿದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ. ಕನ್ವರ್ಟರ್ ಕೆಂಪಗೆ ಕಾಯುತ್ತದೆ, ಒಳಗಿನ ಜಾಲರಿ ಕರಗಿ ಕಟ್ಟಿಕೊಳ್ಳುತ್ತದೆ, ಆಮೇಲೆ ಹೊಸದಕ್ಕೆ ಕೊಡುವ ದುಡ್ಡು ಪ್ಲಗ್ ವಯರ್‌ನ ಎಷ್ಟೋ ಪಟ್ಟು. ನಮ್ಮ ಭಾಗದಲ್ಲಿ ಇನ್ನೊಂದು ಅಪಾಯವೂ ಇದೆ. ಸುಗ್ಗಿಯಲ್ಲಿ ರಾಶಿ ಮಾಡಲು ರಸ್ತೆ ಮೇಲೇ ಬೆಳೆ ಹರಡಿರುತ್ತಾರೆ, ಒಣ ಕಡ್ಡಿ, ಹೊಟ್ಟು ಗಾಡಿಯ ಅಡಿಗೆ ಸಿಕ್ಕಿಕೊಳ್ಳುತ್ತದೆ. ಕನ್ವರ್ಟರ್ ಕೆಂಪಗಿದ್ದರೆ ಅದಕ್ಕೆ ಬೆಂಕಿ ಹತ್ತಬಹುದು. ಮಿಸ್ ಹೊಡೆಯುವ ಗಾಡಿಯನ್ನು ಅದರ ಮೇಲೆ ಓಡಿಸಬೇಡಿ, ಒಣ ಹುಲ್ಲಿನ ಮೇಲೆ ನಿಲ್ಲಿಸಲೂ ಬೇಡಿ. ಚೆಕ್ ಇಂಜಿನ್ ಲೈಟ್ ಮಿಟುಕಲು ಶುರುವಾದರೆ ಎಕ್ಸಲರೇಟರ್ ಬಿಟ್ಟು ಪಕ್ಕಕ್ಕೆ ತೆಗೆದು ಇಂಜಿನ್ ಆಫ್ ಮಾಡಿ. ಅಲ್ಲಿಂದ ಟೋ ಮಾಡಿಸಿ.