ಡಿಎನ್‌ಎ ಸಿಕ್ಕಿದ್ದು 1953ರಲ್ಲಿ ಅಲ್ಲ

ಪ್ರಶ್ನೆ: ಡಿಎನ್‌ಎಯನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಕಂಡುಹಿಡಿದರು ಎಂದು ಮಗಳ ಪಿಯುಸಿ ನೋಟ್ಸಿನಲ್ಲಿದೆ. ಅದು ಮೊದಲೇ ಗೊತ್ತಿತ್ತು ಎಂದು ಎಲ್ಲೋ ಓದಿದ ನೆನಪು. ಯಾವುದು ಸರಿ? ಆನುವಂಶಿಕ ವಸ್ತು ಅದೇ ಎಂದು ತೋರಿಸಿದವರು ಯಾರು?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ನೆನಪೇ ಸರಿ. 1953ರಲ್ಲಿ ತಿಳಿದದ್ದು ಡಿಎನ್‌ಎಯ ಜೋಡಿ ಸುರುಳಿ ರಚನೆ. ವಸ್ತು 1869ರಲ್ಲೇ ಸಿಕ್ಕಿತ್ತು. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಫ್ರೀಡ್ರಿಕ್ ಮೀಷರ್ ಅವರು ಆಸ್ಪತ್ರೆಯ ಬ್ಯಾಂಡೇಜುಗಳಲ್ಲಿದ್ದ ಕೀವಿನ ಕಣಗಳಿಂದ ರಂಜಕ ಹೆಚ್ಚಿರುವ ಪದಾರ್ಥವೊಂದನ್ನು ಬೇರ್ಪಡಿಸಿ ಅದಕ್ಕೆ ‘ನ್ಯೂಕ್ಲಿನ್’ ಎಂದು ಹೆಸರಿಟ್ಟರು.

ನಿಮ್ಮ ಎರಡನೇ ಪ್ರಶ್ನೆಯೇ ದೊಡ್ಡದು. 1928ರಲ್ಲಿ ಲಂಡನ್ನಿನ ಫ್ರೆಡರಿಕ್ ಗ್ರಿಫಿತ್ ಅವರು ಕವಚವಿಲ್ಲದ, ಅಪಾಯವಿಲ್ಲದ ಜೀವಂತ ನ್ಯುಮೋಕಾಕಸ್ (ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ) ಜೊತೆಗೆ ಬಿಸಿಯಲ್ಲಿ ಕೊಂದ ಕವಚದ ನ್ಯುಮೋಕಾಕಸ್ ಸೇರಿಸಿ ಇಲಿಗಳಿಗೆ ಚುಚ್ಚಿದರು. ಇಲಿಗಳು ಸತ್ತವು, ಅವುಗಳ ರಕ್ತದಲ್ಲಿ ಕವಚವಿರುವ ಜೀವಂತ ಬ್ಯಾಕ್ಟೀರಿಯಾ ಸಿಕ್ಕವು. ಸತ್ತದ್ದರಿಂದ ಬದುಕಿದ್ದಕ್ಕೆ ಏನು ದಾಟಿತು?

ಅದನ್ನು ಹಿಡಿದವರು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಆಸ್ವಾಲ್ಡ್ ಏವರಿ, ಕಾಲಿನ್ ಮ್ಯಾಕ್ಲಿಯಾಡ್, ಮ್ಯಾಕ್ಲಿನ್ ಮೆಕಾರ್ಟಿ. ವರದಿ ಅಚ್ಚಾದದ್ದು 1944ರ ಫೆಬ್ರುವರಿಯಲ್ಲಿ. ಕವಚವಿರುವ ಬ್ಯಾಕ್ಟೀರಿಯಾವನ್ನು ಒಂದು ಸಲಕ್ಕೆ 50–75 ಲೀಟರ್ ಬೆಳೆಸಿ, 65 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಟ್ಟು ಕೊಲ್ಲುತ್ತಿದ್ದರು. ಈ ಬಿಸಿ ಕೊಲ್ಲುವುದಕ್ಕಷ್ಟೇ ಅಲ್ಲ: ಬ್ಯಾಕ್ಟೀರಿಯಾದೊಳಗಿನ ಒಂದು ಕಿಣ್ವವೇ ಬೇಕಾದ ವಸ್ತುವನ್ನು ಹಾಳುಮಾಡುತ್ತಿತ್ತು, ಅದನ್ನೂ ತಡೆಯಬೇಕಿತ್ತು. ಆಮೇಲೆ ಪಿತ್ತಲವಣದಿಂದ ಸಾರ ತೆಗೆದು, ಕ್ಲೋರೋಫಾರ್ಮ್ ಹಾಕಿ ಕಲಕಿ ಪ್ರೋಟೀನ್ ಬಿಡಿಸಿ, ಕವಚದ ಸಕ್ಕರೆಯನ್ನು ಕಿಣ್ವದಿಂದ ಕರಗಿಸುತ್ತಿದ್ದರು. ಕೊನೆಗೆ ಕಲಕುತ್ತಲೇ ತೊಟ್ಟು ತೊಟ್ಟಾಗಿ ಆಲ್ಕೋಹಾಲ್ ಬಿಟ್ಟರೆ, ಅದು ದ್ರಾವಣದಷ್ಟೇ ಆಗುವ ಹೊತ್ತಿಗೆ ಬಿಳಿ ನಾರು ಮೂಡಿ ಕಲಕುವ ಕಡ್ಡಿಗೆ ಸುತ್ತಿಕೊಳ್ಳುತ್ತಿತ್ತು. 75 ಲೀಟರಿಗೆ ದಕ್ಕುತ್ತಿದ್ದುದು 10ರಿಂದ 25 ಮಿಲಿಗ್ರಾಂ, ಅಷ್ಟೇ.

ಈ ನಾರು ಕವಚವಿಲ್ಲದ ಬ್ಯಾಕ್ಟೀರಿಯಾವನ್ನು ಕವಚವಿರುವುದಾಗಿ ಮಾರ್ಪಡಿಸುತ್ತದೆಯೇ ಎಂಬ ಪರೀಕ್ಷೆಯೂ ಸುಲಭವಿರಲಿಲ್ಲ. ಮಾರ್ಪಾಡು ಆಗಲು ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಬೇಕು. ಆದರೆ ಕೆಲವು ಸೀರಂಗಳಲ್ಲಿ ಡಿಎನ್‌ಎ ಒಡೆಯುವ ಕಿಣ್ವವಿದ್ದು ಪ್ರಯೋಗವೇ ಕೆಡುತ್ತಿತ್ತು. ಸೀರಂ ಅನ್ನು ಮೊದಲೇ ಬಿಸಿ ಮಾಡಿಟ್ಟುಕೊಂಡರೆ ಆ ತೊಂದರೆ ಇಲ್ಲ. ಪ್ರೋಟೀನ್ ಒಡೆಯುವ ಟ್ರಿಪ್ಸಿನ್, ಆರ್‌ಎನ್‌ಎ ಒಡೆಯುವ ಕಿಣ್ವ ಇವುಗಳಿಂದ ನಾರಿನ ಶಕ್ತಿ ಕುಂದಲಿಲ್ಲ. ಡಿಎನ್‌ಎ ಒಡೆಯುವ ಕಿಣ್ವ ತಾಗಿದರೆ ಮಾತ್ರ ಅಳಿಯಿತು. ಅಂದರೆ ಸತ್ತದ್ದರಿಂದ ಬದುಕಿದ್ದಕ್ಕೆ ದಾಟಿದ್ದು ಡಿಎನ್‌ಎ. ನಮ್ಮ ಮಟ್ಟಿಗೆ ತಳಿಶಾಸ್ತ್ರದ ದಿಕ್ಕು ಬದಲಿಸಿದ ಪ್ರಯೋಗ ಇದೇ.

ಆದರೂ ಹಲವರು ಒಪ್ಪಲಿಲ್ಲ. ಡಿಎನ್‌ಎಯ ನಾಲ್ಕು ಪ್ರತ್ಯಾಮ್ಲಗಳು (ಅಡೆನಿನ್, ಥೈಮಿನ್, ಗ್ವಾನಿನ್, ಸೈಟೋಸಿನ್ ಎಂಬ ಘಟಕಗಳು) ಒಂದೇ ಕ್ರಮದಲ್ಲಿ ಮರುಕಳಿಸುತ್ತವೆ, ಅದಕ್ಕೆ ಮಾಹಿತಿ ಹೊರುವ ಶಕ್ತಿ ಎಲ್ಲಿಂದ ಎಂಬುದು ಆಗಿನ ನಂಬಿಕೆ. ಉಳಿದ ಚೂರುಪಾರು ಪ್ರೋಟೀನೇ ಕೆಲಸ ಮಾಡಿರಬಹುದು ಎಂದು ಜೀವರಸಾಯನ ವಿಜ್ಞಾನಿ ಆಲ್ಫ್ರೆಡ್ ಮಿರ್ಸ್ಕಿ ವಾದಿಸಿದರು. 1952ರಲ್ಲಿ ವೈರಸ್‌ಗಳ ಮೇಲೆ ಹರ್ಷಿ ಮತ್ತು ಚೇಸ್ ನಡೆಸಿದ ಪ್ರಯೋಗವೂ ಆನುವಂಶಿಕ ವಸ್ತು ಡಿಎನ್‌ಎ ಎಂದೇ ಹೇಳಿತು, ಅದು ಬಹುಬೇಗ ಮಾನ್ಯವಾಯಿತು. ವಿಚಿತ್ರವೆಂದರೆ ಅದರಲ್ಲಿ ಉಳಿದಿದ್ದ ಪ್ರೋಟೀನ್ ಏವರಿ ಅವರದಕ್ಕಿಂತ ಹೆಚ್ಚು. ಹರ್ಷಿ ಅವರಿಗೆ 1969ರಲ್ಲಿ ನೊಬೆಲ್ ಬಂತು. ಏವರಿ ನೊಬೆಲ್ ಕಾಣದೆ 1955ರಲ್ಲಿ ತೀರಿಕೊಂಡಿದ್ದರು. ಇದು ಆ ಪ್ರಶಸ್ತಿಯ ದೊಡ್ಡ ಲೋಪ.

ಏವರಿ ಅವರ ವರದಿ ಓದಿ ತಮ್ಮ ಪ್ರಯೋಗಾಲಯದ ಕೆಲಸವನ್ನೇ ಡಿಎನ್‌ಎ ಕಡೆಗೆ ತಿರುಗಿಸಿದವರು ಜೀವರಸಾಯನ ವಿಜ್ಞಾನಿ ಎರ್ವಿನ್ ಚಾರ್ಗಾಫ್. ಅಡೆನಿನ್ ಥೈಮಿನ್‌ಗೆ ಸಮ, ಗ್ವಾನಿನ್ ಸೈಟೋಸಿನ್‌ಗೆ ಸಮ ಎಂಬ ಅವರ ಅಳತೆ 1950ರ ಹೊತ್ತಿಗೆ ಪ್ರಕಟವಾಗಿತ್ತು. 1953ರ ಮಾದರಿಯಲ್ಲಿ ಜೋಡಿಗಳು ಕೂತಿರುವುದು ಇದೇ ಲೆಕ್ಕದಲ್ಲಿ.