ಆ 20 ನಿಮಿಷಗಳ ಲೆಕ್ಕ

ನಿಮ್ಮ ಪತ್ರ ಓದಿ ಸಿಟ್ಟು ಬಂತು. ನಿಮ್ಮ ಮೇಲಲ್ಲ, ನಿಮ್ಮ ಸೂಪರ್‌ವೈಸರ್ ಮೇಲೆ. ಆ ಮಾತು ಆಮೇಲೆ.

ನಾರ್ಸಿಸಿಸ್ಟಿಕ್ ಪರ್ಸನಾಲಿಟಿ ಡಿಸಾರ್ಡರ್ (ತಾನೇ ದೊಡ್ಡವರೆಂಬ ಭಾವ, ಹೊಗಳಿಕೆಯ ಹಸಿವು ಬೇರೂರಿದ ವ್ಯಕ್ತಿತ್ವದ ತೊಂದರೆ) ಇರುವ ಒಬ್ಬರು ಏಳು ತಿಂಗಳಿಂದ ನಿಮ್ಮಲ್ಲಿ ಥೆರಪಿಗೆ ಬರುತ್ತಿದ್ದಾರೆ. 'ನನ್ನನ್ನು ಅರ್ಥ ಮಾಡಿಕೊಂಡವರು ನೀವೊಬ್ಬರೇ, ಹಿಂದಿನ ಮೂವರೂ ದಡ್ಡರು' ಎನ್ನುತ್ತಿದ್ದವರು ಈಗೊಂದು ತಿಂಗಳಿಂದ ತಡವಾಗಿ ಬಂದು 'ನೀವು ಓದಿದ್ದಾದರೂ ಎಲ್ಲಿ?' ಎನ್ನುತ್ತಿದ್ದಾರೆ. ಬೇರೆಯವರಿಗೆ ಕಳಿಸಿಬಿಡಲೇ ಎಂದು ಕೇಳಿದ್ದೀರಿ.

ಕಳಿಸಬೇಡಿ. ಪತ್ರದ ಕೊನೆಗೆ ಆವರಣದೊಳಗೆ ತುರುಕಿದ ಸಾಲನ್ನು ಮತ್ತೆ ಓದಿ: '50 ನಿಮಿಷದ ಸೆಷನ್ ಅವರಿಗೆ 70 ಆಗುತ್ತಿತ್ತು, ಕಳೆದ ತಿಂಗಳಿಂದ ಸರಿಯಾದ ಸಮಯಕ್ಕೆ ಮುಗಿಸುತ್ತಿದ್ದೇನೆ.' ಗಂಟು ಇರುವುದೇ ಇಲ್ಲಿ. ಆ 20 ನಿಮಿಷ ನೀವು ಕೊಟ್ಟದ್ದು ಹೊಗಳಿಕೆಗೆ ಕರಗಿ (ಈ ಕೆಲಸದಲ್ಲಿ ಹಾಗೆ ಕರಗದವರು ಕಡಿಮೆ). ವಾಪಸ್ ತೆಗೆದುಕೊಂಡದ್ದು ಒಂದು ಮಾತೂ ಹೇಳದೆ. ದರ್ಪದ ಅಡಿಯಲ್ಲಿ ಅವಮಾನದ ಭಯ ಹೊತ್ತವರಿಗೆ ಅದು 'ನೀವೂ ಹತ್ತರ ಜೊತೆ ಹನ್ನೊಂದು' ಎಂದಂತೆ. ಕುಗ್ಗಿದರು, ಈಗ ನಿಮ್ಮನ್ನು ಕುಗ್ಗಿಸಿ ಸಮ ಮಾಡಿಕೊಳ್ಳುತ್ತಿದ್ದಾರೆ. 'ನನಗೇನೂ ಬರುವುದಿಲ್ಲ ಅನಿಸುತ್ತಿದೆ' ಎಂದು ಬರೆದಿದ್ದೀರಲ್ಲ, ಆ ಅನಿಸಿಕೆ ಬಹುಪಾಲು ಅವರದು. ನಿಮ್ಮ ಮಡಿಲಿಗೆ ಬಂದು ಬಿದ್ದಿದೆ.

ಇನ್ನು 'ರೋಗದ ಹೆಸರು ಹೇಳಿ ಕನ್ನಡಿ ಹಿಡಿ' ಎಂದ ಸೂಪರ್‌ವೈಸರ್. ಗಾಯ ಹಸಿಯಿರುವಾಗ ಡಯಾಗ್ನೋಸಿಸ್ ಬೈಗುಳದಂತೆಯೇ ಕೇಳಿಸುತ್ತದೆ. ಮನೋರೋಗಗಳನ್ನು ಗುರುತಿಸುವ ಕೈಪಿಡಿ ಡಿಎಸ್‌ಎಂ-5 ಇದಕ್ಕೆ ಕೊಡುವ ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದು ಕಂಡವು ಎಂಬುದು ಸದ್ಯ ಫೈಲಿನಲ್ಲಿರಲಿ.

ಮಾಡಬೇಕಾದದ್ದು ಒಂದೇ. ಮುಂದಿನ ಸೆಷನ್ನಿನ ಮೊದಲ ಐದು ನಿಮಿಷದೊಳಗೆ ಹೇಳಿ: 'ಮೊದಲು ಹೆಚ್ಚು ಹೊತ್ತು ಕೂರುತ್ತಿದ್ದೆವು. ನಿಮಗೆ ಹೇಳದೆಯೇ ನಾನದನ್ನು ಕಡಿಮೆ ಮಾಡಿದೆ, ಅದು ತಪ್ಪು. ನಿಮಗೆ ಹೇಗನಿಸಿತು?' ಆಮೇಲೆ ಸುಮ್ಮನೆ ಕೂರಿ. ಎರಡನೇ ಸಲ ಕ್ಷಮೆ ಕೇಳಿದರೆ ನಿಮ್ಮ ಅಳುಕು ಬಯಲಾಗುತ್ತದೆ. 'ನಿಮಗೆ ಅವಮಾನ ಆಗಿರಬೇಕು' ಎಂದು ನೀವೇ ಊಹಿಸಿದರೆ ಅದೇ ಇನ್ನೊಂದು ಅವಮಾನ. 'ಅದೆಲ್ಲ ನನಗೆ ಲೆಕ್ಕಕ್ಕೇ ಇಲ್ಲ' ಎಂದು ನಕ್ಕರೆ ಕೆದಕಬೇಡಿ. 'ಆದರೂ ಮೊದಲೇ ಹೇಳಬೇಕಿತ್ತು' ಎಂದು ಮುಂದೆ ಹೋಗಿ.

ಇತ್ತೀಚೆಗೆ ಕೆಲಸ ಹೋಗಿದ್ದರೆ, ಸಂಬಂಧ ಮುರಿದಿದ್ದರೆ, ಅವರ ಬಿಗುಮಾನ ನೋಡಿ ಮೋಸಹೋಗಬೇಡಿ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿ.

ಅಂದ ಹಾಗೆ, ಆ ದಿನವೂ 50ನೇ ನಿಮಿಷಕ್ಕೆ ಏಳಬೇಕು. 40ಕ್ಕೆ 'ಇನ್ನು ಹತ್ತು ನಿಮಿಷ ಇದೆ' ಎನ್ನಿ. ಬಹಳ ಮುಖ್ಯವಾದ ಮಾತನ್ನು ಅವರು ಬಾಗಿಲ ಬಳಿ ತೆಗೆಯಬಹುದು. ಜೀವದ ಮಾತಾದರೆ ಮಾತ್ರ ಮತ್ತೆ ಕೂರಿ. ಉಳಿದದ್ದಕ್ಕೆಲ್ಲ, 'ಮುಂದಿನ ವಾರ ಇದರಿಂದಲೇ ಶುರು ಮಾಡೋಣ.'